ಹಳೆ ಗರಗಸ ಮಷಿನ್: ಎಷ್ಟು ಕೊಟ್ಟರೆ ನ್ಯಾಯ?

ಬದುವಿನ ಜಾಲಿ ಕಡಿಯಲು, ಗಾಳಿಗೆ ಬಿದ್ದ ಬೇವು ತುಂಡರಿಸಲು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ರೈತರಿಗೆ ಪೆಟ್ರೋಲ್ ಗರಗಸ ಬೇಕಾಗುವುದು ವರ್ಷಕ್ಕೆ ನಾಲ್ಕಾರು ದಿನ. ಅಷ್ಟಕ್ಕೆ ಹಳೆಯದೇ ಸಾಕು. ಆದರೆ ಮಾರುವವರು ಹೇಳಿದ ಬೆಲೆಯಿಂದ ಚೌಕಾಸಿ ಶುರು ಮಾಡಬೇಡಿ. ಅದೇ ಮಾಡೆಲ್‌ನ ಹೊಸ ಮಷಿನ್, ಬಾರ್, ಚೈನುಗಳ ಇಂದಿನ ದರವನ್ನು ಡೀಲರ್ ಬಳಿ ಕೇಳಿ ಬರೆದುಕೊಂಡು ಹೋಗಿ.

‘ನಾ ಬರೂಮಟ ಚಾಲೂ ಮಾಡಬ್ಯಾಡ್ರಿ’ ಎಂದು ಫೋನಿನಲ್ಲೇ ಹೇಳಿಬಿಡಿ. ಹೋದಾಗ ಸೈಲೆನ್ಸರ್ ಬೆಚ್ಚಗಿದ್ದರೆ, ತಣ್ಣಗಿದ್ದಾಗ ಹಗ್ಗ ಎಳೆದೆಳೆದು ಅವರೂ ಸುಸ್ತಾಗಿದ್ದಾರೆ ಎಂದೇ ತಿಳಿಯಿರಿ.

ಬೆಲೆಯ ಮುಕ್ಕಾಲು ಪಾಲು ಸಿಲಿಂಡರಿನಲ್ಲಿದೆ. ಸ್ವಿಚ್ ಆಫ್ ಮಾಡಿ, ಸ್ಟಾರ್ಟರ್ ಹಿಡಿಕೆ ಹಿಡಿದು ಮಷಿನ್ ಮೇಲೆತ್ತಿ. ತಡೆತಡೆದು ಇಳಿದರೆ ಕಂಪ್ರೆಷನ್ ಇದೆ, ಸರ್ರನೆ ಜಾರಿದರೆ ಇಲ್ಲ. ಮೆಕ್ಯಾನಿಕ್ ಬಳಿ ಗೇಜ್ ಇದ್ದರೆ ಇನ್ನೂ ಒಳ್ಳೆಯದು: 150 ಪಿಎಸ್ಐ ಆಸುಪಾಸು ಇದ್ದರೆ ಗಟ್ಟಿ, 110ಕ್ಕಿಂತ ಕೆಳಗಿದ್ದರೆ ಬೇಡ. ಬಳಿಕ ಸೈಲೆನ್ಸರ್ ಬಿಚ್ಚಿಸಿ, ಟಾರ್ಚ್ ಹಾಕಿ ಪಿಸ್ಟನ್ ನೋಡಿ. ಉದ್ದುದ್ದ ಗೀರುಗಳಿದ್ದರೆ ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ಸುರಿದು ಓಡಿಸಿರುವ ಸಾಧ್ಯತೆ ಹೆಚ್ಚು. ಲೀಟರಿಗೆ 20 ಮಿಲಿ ಟೂ-ಟಿ ಆಯಿಲ್ ಉಳಿಸಲು ಹೋಗಿ ಎಂಜಿನ್ನನ್ನೇ ಕಳೆದುಕೊಳ್ಳುವವರಿಗೆ ನಮ್ಮಲ್ಲಿ ಬರವಿಲ್ಲ. ಅಂಥದ್ದಕ್ಕೆ ಬಿಡಿಭಾಗದ ಬೆಲೆಯಷ್ಟೇ.

ಈಗ ಚಾಲೂ ಮಾಡಿ ದಪ್ಪ ಕೊರಡೊಂದನ್ನು ಕೊಯ್ಯಿರಿ. ಹತ್ತು ನಿಮಿಷ ದುಡಿಸಿ ನಿಲ್ಲಿಸಿ, ತುಸು ಬಿಟ್ಟು ಮತ್ತೆ ಎಳೆಯಿರಿ. ಬಿಸಿಯಲ್ಲಿ ಹತ್ತದ ಮಷಿನ್ ಹೊಲದಲ್ಲಿ ಕೈಕೊಡುತ್ತದೆ. ಐಡಲ್‌ನಲ್ಲಿ ಚೈನು ತಿರುಗಬಾರದು, ಬ್ರೇಕ್ ಥಟ್ಟನೆ ಹಿಡಿಯಬೇಕು. ಬಾರ್ ತುದಿಯನ್ನು ರಟ್ಟಿನ ಮೇಲೆ ಹಿಡಿದು ರೇಸ್ ಮಾಡಿದರೆ ಎಣ್ಣೆಯ ಗೆರೆ ಮೂಡಬೇಕು. ಚೈನಿನ ಹಲ್ಲು ಸವೆದು 4 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಹೊಸ ಚೈನಿನ ಹಣ ಕಳೆಯಿರಿ.

ಘಟಪ್ರಭಾ ದಂಡೆಯ ಊರುಗಳ ಮಷಿನ್ ಆದರೆ 2019ರ ಆಗಸ್ಟ್ ಪ್ರವಾಹದಲ್ಲೋ ಆಮೇಲಿನ ನೆರೆಯಲ್ಲೋ ನೆನೆದಿತ್ತೇ ಎಂದು ಕೇಳಿ. ಸ್ಟಾರ್ಟರ್ ಕವರ್ ಒಳಗಿನ ತುಕ್ಕು, ಸಂದಿಗಳಲ್ಲಿ ಒಣಗಿದ ರಾಡಿ ಬಾಯಿಬಿಟ್ಟು ಹೇಳುತ್ತವೆ.

ಇನ್ನು ಲೆಕ್ಕ. ಎಲ್ಲ ಸರಿಯಿದ್ದ ಕಂಪನಿ ಮಷಿನ್‌ಗೆ ಹೊಸದರ ಅರ್ಧ ಎಂಬುದು ನನ್ನ ಅಂದಾಜು. ಹೊಸದು 30,000 ರೂಪಾಯಿ ಎಂದುಕೊಳ್ಳಿ, ಅರ್ಧ 15,000. ಬಾರ್, ಚೈನಿಗೆ 3,000 ತಗಲುವುದಾದರೆ 12,000ಕ್ಕೆ ಮಾತು ನಿಲ್ಲಿಸಿ. ಹೆಸರಿಲ್ಲದ 58 ಸಿಸಿ ಮಷಿನ್‌ಗಳು ಹೊಸದೇ ಅಗ್ಗ, ಅವಕ್ಕೆ ಮೂರನೇ ಒಂದು ಪಾಲೂ ಹೆಚ್ಚೇ. ಸ್ಟಿಲ್, ಹಸ್ಕ್ವರ್ನಾ ಎಂದು ಸ್ಟಿಕರ್ ಅಂಟಿಸಿದ ನಕಲಿಗಳೂ ಇವೆ. ಸೀರಿಯಲ್ ನಂಬರನ್ನು ಡೀಲರ್‌ಗೆ ತೋರಿಸದೆ ಮುಂಗಡ ಕೊಡಬೇಡಿ. ಬಿಲ್ ಇಲ್ಲವೆಂದರೆ ಆ ನಂಬರ್ ಸಮೇತ ಚೀಟಿ ಬರೆಸಿ, ಸಹಿ ಹಾಕಿಸಿಕೊಳ್ಳಿ.