ಹತ್ತು ಗಂಟೆಗೆ ಏಳುವ ಮಗ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತಂದೆ-ತಾಯಂದಿರು ಕೆಲಸ ಸಿಗದ ಮಗನ ವಿಷಯ ಎತ್ತಿದಾಗ ಮೊದಲ ಮಾತು ಹೆಚ್ಚುಕಡಿಮೆ ಒಂದೇ. ‘ಡಿಗ್ರಿ ಮುಗಿದು ವರ್ಷವಾಯ್ತು. ಹತ್ತಕ್ಕೆ ಏಳ್ತಾನೆ, ಏಳುವಾಗಲೇ ಕೈಯಲ್ಲಿ ಮೊಬೈಲು. ಒಂದು ಮಾತು ಆಡಿದರೆ ಸಿಟ್ಟು.’ ಆಮೇಲೆ ದನಿ ತಗ್ಗಿಸಿ, ‘ಸೋಮಾರಿ ಆಗಿಬಿಟ್ಟನೇನೋ’ ಎನ್ನುತ್ತಾರೆ.

ಆ ಹೆಸರು ಇಡುವ ಮೊದಲು ಒಂದು ಹಳೆಯ ಅಧ್ಯಯನ ನೋಡೋಣ. 1930ರ ಹೊತ್ತಿಗೆ ಆಸ್ಟ್ರಿಯಾದ ಮಾರಿಯೆಂತಾಲ್ ಎಂಬ ಊರಿನ ಗಿರಣಿ ಮುಚ್ಚಿ, ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಮೇರಿ ಯಹೋಡಾ ಮತ್ತು ಸಂಗಡಿಗರು ಅಲ್ಲಿನ ಜನರ ದಿನಚರಿಯನ್ನು ಗಮನಿಸಿ ಬರೆದರು. 1933ರಲ್ಲಿ ಅದು ಪ್ರಕಟವಾಯಿತು. ಕೈತುಂಬ ಬಿಡುವಿದ್ದರೂ ಜನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ರಸ್ತೆಯಲ್ಲಿ ಗಂಡಸರ ನಡಿಗೆಯೇ ನಿಧಾನವಾಗಿತ್ತು. ಮನೆಗೆಲಸ ಕಾದಿರುತ್ತಿದ್ದ ಹೆಂಗಸರು ಮಾತ್ರ ಬಿರುಸಾಗಿ ನಡೆಯುತ್ತಿದ್ದರು. ಸಂಬಳದ ಜೊತೆಗೆ ದಿನಕ್ಕೊಂದು ಚೌಕಟ್ಟು, ನಾಲ್ಕು ಜನರ ಒಡನಾಟ, ‘ನಾನು ಇಂಥವನು’ ಎಂಬ ಗುರುತು, ಇಷ್ಟನ್ನೂ ಕೆಲಸ ಕೊಡುತ್ತಿರುತ್ತದೆ ಎಂದು ಯಹೋಡಾ ಮುಂದೆ ವಿವರಿಸಿದರು. ನಿಮ್ಮ ಮಗನಿಗೆ ಹದಿನೈದು ವರ್ಷ ಈ ಚೌಕಟ್ಟು ಕೊಟ್ಟಿದ್ದು ಶಾಲೆ-ಕಾಲೇಜಿನ ಗಂಟೆ. ಅದು ನಿಂತುಹೋಗಿದೆ, ಇದು ಮೊದಲ ಕಾರಣ.

ಎರಡನೆಯ ಕಾರಣ ಹೊರಗಿನದು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಅದೇ ವರ್ಷ ಆಗಸ್ಟ್‌ನ ಕೆಪಿಎಸ್‌ಸಿ ಪೂರ್ವಭಾವಿ ಪರೀಕ್ಷೆಯಲ್ಲಿ ಪ್ರಶ್ನೆಗಳ ಕನ್ನಡ ಅನುವಾದವೇ ತಪ್ಪಿ, ಡಿಸೆಂಬರ್‌ನಲ್ಲಿ ಮತ್ತೆ ಬರೆಯಬೇಕಾಯಿತು. ಓದಿದವನಿಗೂ ಓದದವನಿಗೂ ಒಂದೇ ಕಾಯುವಿಕೆ. ಪಟ್ಟ ಪಾಡಿಗೂ ಸಿಕ್ಕ ಫಲಕ್ಕೂ ನಂಟೇ ಕಾಣದಾದಾಗ ಮನಸ್ಸು ಪ್ರಯತ್ನವನ್ನೇ ಕೈಬಿಡುತ್ತದೆ. ಮನಶ್ಶಾಸ್ತ್ರ ಇದನ್ನು ‘ಕಲಿತ ಅಸಹಾಯಕತೆ’ ಎನ್ನುತ್ತದೆ, ಎಂದರೆ ಸೋತು ಸೋತು ರೂಢಿಯಾದ ಕೈಚೆಲ್ಲುವಿಕೆ. ಮೊಬೈಲು ಆಗ ಮರೆಯಾಗುವ ಜಾಗ.

ಮೂರನೆಯದು ನಮ್ಮ ಮನೆಯೊಳಗಿನದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ‘ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ತೋಟ ನೆಚ್ಚಿಕೊಳ್ಳಬೇಡ, ಹೊರಗೆ ಕೆಲಸ ನೋಡು’ ಎನ್ನುತ್ತೇವೆ. ಕೊನೆ ಕೊಯ್ಲು ಬಂತೆಂದರೆ ಆಳು ಸಿಗದೆ ಅವನನ್ನೇ ಕರೆಯುತ್ತೇವೆ. ಸುಲಿಸುವುದು, ಬೇಯಿಸುವುದು, ಹರಡುವುದು, ಮೋಡ ಕಂಡರೆ ಓಡಿಹೋಗಿ ಬಾಚುವುದು ಎಂದು ಎರಡು ತಿಂಗಳು ಕಳೆಯುತ್ತದೆ. ಸುಗ್ಗಿ ಮುಗಿದ ಸಂಜೆ ಜಗಲಿಯಲ್ಲಿ ಕೂತು, ‘ಇಷ್ಟು ದಿನ ಏನು ಮಾಡಿದೆ?’ ಎಂದು ಕೇಳುತ್ತೇವೆ. ಪ್ರೀತಿಯಿಂದಲೇ ಕೇಳುತ್ತೇವೆ, ಸಂಶಯವಿಲ್ಲ. ಆದರೆ ಅವನು ಮಾಡಿದ ದುಡಿಮೆ ಆ ಪ್ರಶ್ನೆಯಲ್ಲಿ ಲೆಕ್ಕಕ್ಕೇ ಬರಲಿಲ್ಲ.

ಹಾಗಾಗಿ ಮೊದಲು ತೋಟದ ಹೊತ್ತನ್ನೂ ಹುಡುಕಾಟದ ಹೊತ್ತನ್ನೂ ಬೇರೆ ಮಾಡಿ. ಮಧ್ಯಾಹ್ನದ ಮೇಲೆ ತೋಟವೆಂದರೆ ಬೆಳಗು ಅವನದು. ಆಗ ‘ಸ್ವಲ್ಪ ಪೇಟೆಗೆ ಹೋಗಿ ಬಾ’ ಎನ್ನಬೇಡಿ. ಆಳಿಗೆ ಕೊಡುವ ಕೂಲಿಯನ್ನು ಅವನಿಗೂ ಕೊಡಿ. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುತ್ತಾನಾದರೆ ಅದನ್ನು ಅಲೆದಾಟ ಎನ್ನಬೇಡಿ. ‘ಏನಾಯ್ತು?’ ಎಂಬ ದಿನದ ಪ್ರಶ್ನೆ ಅವನ ಕೈಯಲ್ಲಿಲ್ಲದ ಫಲದ ಬಗ್ಗೆ. ವಾರಕ್ಕೊಮ್ಮೆ, ಭಾನುವಾರ ಅರ್ಧ ಗಂಟೆ ಕೂತು, ಎಷ್ಟು ಕಡೆ ಅರ್ಜಿ ಹಾಕಿದೆ, ಯಾರ ಜೊತೆ ಮಾತಾಡಿದೆ ಎಂದು ಕೇಳಿ. ಉಳಿದ ಆರು ದಿನ ಆ ಮಾತು ಎತ್ತಬೇಡಿ. ಮದುವೆಮನೆಯ ಊಟದ ಪಂಕ್ತಿಯಲ್ಲಿ ನೆಂಟರು ಕೇಳಿದರೆ ಉತ್ತರ ನೀವೇ ಕೊಡಿ.

ಹುಡುಕಾಟಕ್ಕೆ ಅವನು ತನ್ನ ಕಾಲೇಜಿನ ಹಿರಿಯ ವಿದ್ಯಾರ್ಥಿಗಳಿಗೆ ಫೋನ್ ಮಾಡುವುದು ಒಳ್ಳೆಯ ದಾರಿ. ‘ಕೆಲಸ ಕೊಡಿಸಿ’ ಎಂದರೆ ಅವರೂ ಮುದುಡುತ್ತಾರೆ. ‘ನಿಮ್ಮ ಕೆಲಸಕ್ಕೆ ಏನೇನು ಕಲಿತಿರಬೇಕು?’ ಎಂದು ಕೇಳಿದರೆ ಬಾಯ್ತುಂಬ ಹೇಳುತ್ತಾರೆ.

ಎಷ್ಟು ದಿನ ಕಾಯುವುದು? 2024ರ ಜನವರಿ 12ರಂದು ಶಿವಮೊಗ್ಗದಲ್ಲೇ ಚಾಲನೆ ಪಡೆದ, ರಾಜ್ಯ ಸರ್ಕಾರದ ಯುವನಿಧಿ ಯೋಜನೆಯ ಲೆಕ್ಕ ನೋಡಿ. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದಿದ್ದರೆ ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಆರು ತಿಂಗಳ ಹುಡುಕಾಟ ಸಹಜವೆಂದು ಸರ್ಕಾರವೇ ಎಣಿಸಿದಂತಾಯಿತು. ಆ ಹಣ ಬಂದರೆ ಅರ್ಜಿ ಶುಲ್ಕಕ್ಕೆ, ಬಸ್ಸಿಗೆ ಅವನೇ ಖರ್ಚು ಮಾಡಲಿ. ಸರ್ಕಾರಿ ಪರೀಕ್ಷೆಯೊಂದನ್ನೇ ನೆಚ್ಚಿದ್ದರೆ, ಎಲ್ಲಿಯವರೆಗೆ ಎಂಬ ತಾರೀಖನ್ನು ಅವನೊಡನೆ ಕೂತು ಗುರುತು ಮಾಡಿಕೊಳ್ಳಿ. ಎರಡು ವಾರ ನಿದ್ದೆ, ಊಟ ಕೆಟ್ಟರೆ ಅಥವಾ ಬದುಕೇ ಬೇಡವೆಂಬ ಮಾತು ಬಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇಷ್ಟು ಹೊತ್ತು ಮಗನ ಮಾತೇ ಆಯಿತು. ತಂದೆ-ತಾಯಂದಿರು ದೂರುವುದೂ ಅವನ ಮೇಲೆಯೇ. ಮಗಳು ಆರಕ್ಕೇ ಏಳುತ್ತಾಳೆ, ಅಂಗಳ ಗುಡಿಸಿ ತಿಂಡಿಗಿಡುತ್ತಾಳೆ. ಮಾರಿಯೆಂತಾಲ್‌ನ ಹೆಂಗಸರಂತೆ ಬಿರುಸಾಗಿ ನಡೆಯುತ್ತಾಳೆ. ಆದ್ದರಿಂದ ಅವಳ ಹುಡುಕಾಟವೂ ನಿಂತಿದೆ ಎಂಬುದು ಯಾರಿಗೂ ಕಾಣುವುದಿಲ್ಲ, ಜಾತಕ ಕೇಳಿ ಬರುವವರಿಗಂತೂ ಇಲ್ಲವೇ ಇಲ್ಲ. ಅವಳಿಗೂ ಬೆಳಗಿನ ಎರಡು ಗಂಟೆ ಬೇಕು. ಅಷ್ಟು ಹೊತ್ತು ದೋಸೆ ಹೊಯ್ಯುವುದನ್ನು ಹತ್ತಕ್ಕೆ ಏಳುವ ಅಣ್ಣ ಕಲಿಯಬಹುದು.