ನೊಂದವರ ಪಂಕ್ತಿಯಲ್ಲಿ ಕೂತ ಸಂತ ತೆರೇಸಮ್ಮ





ಕಚೇರಿಯ ಕಿಟಕಿಯಲ್ಲಿ ಕೂತು ನಿಮ್ಮ ಪೂಜೆಯ ಕೋರಿಕೆಗಳನ್ನು ಪುಸ್ತಕದಲ್ಲಿ ಬರೆದುಕೊಂಡು ರಸೀದಿ ಕೊಡುವುದು ನನ್ನ ಕೆಲಸ. ನಾನು ಓದಿದ್ದು ಪಿಯುಸಿ ಮಾತ್ರ. ಧರ್ಮಶಾಸ್ತ್ರ ಕಲಿತವನಲ್ಲ. ಆದರೆ ಇಷ್ಟು ವರ್ಷ ಆ ಪುಸ್ತಕ ಬರೆದು ಬರೆದು ಜನರ ಕಷ್ಟ ಏನು ಅಂತ ಸ್ವಲ್ಪ ಗೊತ್ತಾಗಿದೆ. ಮಗುವಿನ ಕಾಯಿಲೆ, ಗಂಡನ ಕುಡಿತ, ತೀರದ ಸಾಲ, ಮನೆ ಬಿಟ್ಟು ಹೋದ ಮಗ. ಬರೆಸಿದ ಮೇಲೆ ಎಷ್ಟೋ ಜನ ಕಿಟಕಿ ಬಿಟ್ಟು ಹೋಗುವುದಿಲ್ಲ. "ಅಣ್ಣಾ, ದೇವರು ನಮಗೇ ಯಾಕೆ ಇಂಥ ಕಷ್ಟ ಕೊಟ್ರು?" ಅಂತ ಕೇಳ್ತಾರೆ.

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಕಷ್ಟ ಬಂದಾಗ ನಮ್ಮ ಮನಸ್ಸು ಕಲ್ಲಾಗದ ಹಾಗೆ ಕಾಪಾಡಿಕೊಳ್ಳುವುದು ಹೇಗೆ ಎಂಬುದನ್ನು ಒಬ್ಬ ಹೆಣ್ಣುಮಗಳು ಬದುಕಿ ತೋರಿಸಿದ್ದಾರೆ. ಅವರೇ ಪುಟ್ಟ ಹೂವು ಎಂದು ನಾವೆಲ್ಲ ಕರೆಯುವ, ಲಿಸ್ಯೂ ಪಟ್ಟಣದ ಸಂತ ತೆರೇಸಮ್ಮನವರು.

ಗುಲಾಬಿ ಹೂವಿನ ಹಿಂದಿನ ಮುಳ್ಳು

ಪಟಗಳಲ್ಲಿ ತೆರೇಸಮ್ಮನವರು ಶಿಲುಬೆ ಮತ್ತು ಗುಲಾಬಿ ಹಿಡಿದು ನಗುತ್ತಿರುತ್ತಾರೆ. ಪಟ ನೋಡಿದವರು "ಇವರಿಗೇನು ಕಷ್ಟ" ಅಂದುಕೊಳ್ಳಬಹುದು. ಆದರೆ ಅವರ ಜೀವನ ಹಾಗಿರಲಿಲ್ಲ.

ಅವರು 1873ರ ಜನವರಿ 2ರಂದು ಫ್ರಾನ್ಸ್ ದೇಶದ ಅಲಾಂಸೋನ್ ಊರಿನಲ್ಲಿ ಹುಟ್ಟಿದರು. ನಾಲ್ಕೂವರೆ ವರ್ಷದವರಿದ್ದಾಗ ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡರು. ತಾಯಿಯ ಜಾಗದಲ್ಲಿದ್ದ ಅಕ್ಕ ಪೌಲಿನ್ 1882ರಲ್ಲಿ ಕಾರ್ಮೆಲ್ ಮಠ ಸೇರಿದರು. ಆ ಮಗುವಿಗೆ ಇನ್ನೊಮ್ಮೆ ತಾಯಿ ಸತ್ತಂತಾಯಿತು. 1888ರ ಏಪ್ರಿಲ್ 9ರಂದು, 15ನೇ ವಯಸ್ಸಿನಲ್ಲಿ, ತೆರೇಸಮ್ಮನವರೂ ಲಿಸ್ಯೂವಿನ ಅದೇ ಮಠಕ್ಕೆ ಹೋದರು. ಅದು ಧ್ಯಾನಜೀವನದ ಮಠ. ಒಳಗೆ ಹೋದವರು ಹೊರಗೆ ಬರುವ ಹಾಗಿಲ್ಲ. ಮೌನ, ಕೈಕೆಲಸ, ಬಲಿಪೂಜೆ, ದಿನಕ್ಕೆ ಎರಡು ಗಂಟೆ ಮೌನಧ್ಯಾನ. ಇಷ್ಟೇ ಜೀವನ.

ಮರುವರ್ಷವೇ ದೊಡ್ಡ ಪೆಟ್ಟು ಬಿತ್ತು. ಪ್ರೀತಿಯ ತಂದೆಗೆ ಬುದ್ಧಿಭ್ರಮಣೆಯಾಗಿ 1889ರ ಫೆಬ್ರವರಿಯಲ್ಲಿ ಕಾನ್ ಪಟ್ಟಣದ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರು ವರ್ಷ ಅಲ್ಲಿದ್ದರು. ಹೆಣ್ಣುಮಕ್ಕಳು ಮಠ ಸೇರಿದ್ದಕ್ಕೇ ಹೀಗಾಯ್ತು ಅಂತ ಊರ ಜನ ಆಡಿಕೊಂಡರು. ಮಗಳು ಓಡಿ ಹೋಗಿ ತಂದೆಯ ಕೈ ಹಿಡಿಯುವ ಹಾಗಿರಲಿಲ್ಲ. 1892ರಲ್ಲಿ ಒಮ್ಮೆ ಅವರನ್ನು ಮಠದ ಭೇಟಿಕೋಣೆಗೆ ಕರೆತಂದರು, ಅದೇ ಕೊನೆಯ ಭೇಟಿ. 1894ರಲ್ಲಿ ತಂದೆ ಪ್ರಭುವಿನಲ್ಲಿ ನಿದ್ರೆಹೋದರು.

ಸಣ್ಣ ಕೆಲಸ, ದೊಡ್ಡ ಪ್ರೀತಿ

ಇಷ್ಟು ನೋವು ಇಟ್ಟುಕೊಂಡು ತೆರೇಸಮ್ಮನವರು ಮೂಲೆಯಲ್ಲಿ ಕೂತು ಅಳಲಿಲ್ಲ. ಮಠದಲ್ಲಿ ಸೇಂಟ್ ಪಿಯೆರ್ ಎಂಬ ಕಾಲಿಲ್ಲದಂತಾಗಿದ್ದ ವೃದ್ಧ ಸಿಸ್ಟರ್ ಇದ್ದರು. ಸಂಜೆ ಅವರನ್ನು ಊಟದ ಕೋಣೆಗೆ ನಡೆಸಿಕೊಂಡು ಹೋಗಬೇಕಿತ್ತು. ಬೇಗ ನಡೆದರೂ ಬೈಗುಳ, ನಿಧಾನ ನಡೆದರೂ ಬೈಗುಳ. ತೆರೇಸಮ್ಮನವರು ತಾವಾಗಿಯೇ ಆ ಕೆಲಸ ಕೇಳಿ ತೆಗೆದುಕೊಂಡರು. ಒಂದು ದಿನ ಆ ಅಜ್ಜಿ ನೋಯುವ ಕೈಯಲ್ಲಿ ರೊಟ್ಟಿ ಕತ್ತರಿಸಲು ಕಷ್ಟಪಡುವುದನ್ನು ನೋಡಿದರು. ಅಂದಿನಿಂದ ರೊಟ್ಟಿಯನ್ನೂ ಕತ್ತರಿಸಿ ಕೊಟ್ಟು, ಒಂದು ನಗೆ ನಕ್ಕು ಬರುತ್ತಿದ್ದರು. ಅಜ್ಜಿಯ ಮನಸ್ಸು ಕರಗಿದ್ದು ಆ ನಗೆಗೇ.

ನೋವು ಕಂಡವರ ಕಣ್ಣಿಗೆ ಇನ್ನೊಬ್ಬರ ರೊಟ್ಟಿಯ ಕಷ್ಟ ಕಾಣಬೇಕು. ಕಾಣಲಿಲ್ಲ ಅಂದ್ರೆ ಆ ನೋವು ನಮ್ಮಲ್ಲಿ ಇನ್ನೂ ಫಲ ಕೊಟ್ಟಿಲ್ಲ ಅಂತ ಅರ್ಥ.

ಕತ್ತಲೆಯ ಹದಿನೆಂಟು ತಿಂಗಳು

1896ರ ಪವಿತ್ರ ಗುರುವಾರದ ರಾತ್ರಿ ಅವರ ಬಾಯಿಂದ ರಕ್ತ ಬಂತು. ಅದು ಕ್ಷಯರೋಗ. ರೋಗಾಣುವನ್ನು 1882ರಲ್ಲಿಯೇ ಕಂಡುಹಿಡಿದಿದ್ದರೂ ಗುಣಮಾಡುವ ಔಷಧಿ ಬಂದದ್ದು 1940ರ ದಶಕದಲ್ಲಿ.

ಅದಕ್ಕಿಂತ ದೊಡ್ಡ ಕಷ್ಟ ಆ ಪಾಸ್ಕ ಹಬ್ಬದ ದಿನಗಳಲ್ಲಿ ಶುರುವಾಯಿತು. ಅಲ್ಲಿಯವರೆಗೆ ಸ್ವರ್ಗವೆಂದರೆ ಪಕ್ಕದ ಮನೆಯ ಹಾಗಿತ್ತು. ಈಗ ಸ್ವರ್ಗವೇ ಇಲ್ಲ, ಸತ್ತ ಮೇಲೆ ಏನೂ ಇಲ್ಲ ಎಂಬ ಕತ್ತಲೆ ಮನಸ್ಸಿಗೆ ಕವಿಯಿತು. ಸಾಯುವ ತನಕ, ಸುಮಾರು 18 ತಿಂಗಳು, ಅದು ಸರಿಯಲಿಲ್ಲ. ಅವರು ವಿಶ್ವಾಸ ಸಂಗ್ರಹವನ್ನು ತಮ್ಮ ರಕ್ತದಲ್ಲೇ ಬರೆದು ಎದೆಯ ಹತ್ತಿರ ಇಟ್ಟುಕೊಂಡರು.

ಇಲ್ಲಿಯೇ ನಮಗೆ ಮುಖ್ಯ ಪಾಠ ಇದೆ. ಅದಕ್ಕೆ ಮೊದಲು, ದೇವರನ್ನು ನಂಬದ ಜನ ನಿಜವಾಗಿ ಇರ್ತಾರೆ ಅಂತಲೇ ಅವರಿಗೆ ಅನ್ನಿಸಿರಲಿಲ್ಲ. ಸುಮ್ಮನೆ ಬಾಯಿಮಾತಿಗೆ ಹಾಗೆ ಹೇಳ್ತಾರೆ ಅಂದುಕೊಂಡಿದ್ದರು. ಕತ್ತಲೆ ತಮಗೇ ಬಂದಾಗ ಅಂಥವರ ಸಂಕಟ ಗೊತ್ತಾಯಿತು. ಆಗ ಅವರು "ನನ್ನನ್ನು ಇವರಿಂದ ಬೇರೆ ಮಾಡು" ಅಂತ ಪ್ರಾರ್ಥಿಸಲಿಲ್ಲ. ಅವಿಶ್ವಾಸಿಗಳು, ಪಾಪಿಗಳು ಕೂತ ಮೇಜಿನಲ್ಲಿಯೇ ತಾನೂ ಕೂತು, ಅವರ ದುಃಖದ ರೊಟ್ಟಿಯನ್ನೇ ತಿನ್ನುತ್ತೇನೆ, ದೇವರು ಎಬ್ಬಿಸುವ ತನಕ ಏಳುವುದಿಲ್ಲ ಎಂಬ ಅರ್ಥದಲ್ಲಿ ಬರೆದರು. ನಮ್ಮ ಮಾತಲ್ಲಿ ಹೇಳೋದಾದ್ರೆ, ಅವರು ನೊಂದವರ ಪಂಕ್ತಿಯಲ್ಲಿ ಕೂತರು.

ಕೊನೆಯ ದಿನಗಳಲ್ಲಿ ನೋವು ತಡೆಯಲಾರದಷ್ಟಾಯಿತು. ಇಂಥ ನೋವಿನಲ್ಲಿ ವಿಶ್ವಾಸ ಇಲ್ಲದವರು ತಮ್ಮ ಜೀವವನ್ನೇ ಕಳೆದುಕೊಳ್ಳುವುದು ತನಗೆ ಅರ್ಥವಾಗುತ್ತದೆ, ಹೀಗೆ ನರಳುವ ರೋಗಿಗಳ ಮೇಲೆ ಕಣ್ಣಿಟ್ಟಿರಬೇಕು ಎಂಬರ್ಥದ ಮಾತನ್ನು ಅಕ್ಕನಿಗೆ ಹೇಳಿದರು. ಒಬ್ಬ ಸಂತರ ಬಾಯಲ್ಲಿ ಈ ಮಾತು! ತೀರ್ಪು ಇಲ್ಲ, ಕರುಣೆ ಮಾತ್ರ. 1897ರ ಸೆಪ್ಟೆಂಬರ್ 30ರಂದು, 24ನೇ ವಯಸ್ಸಿನಲ್ಲಿ, ಅವರು ಪ್ರಾಣ ಬಿಟ್ಟರು.

ನನ್ನ ಕಿಟಕಿಯಲ್ಲಿ ನಡೆದದ್ದು

ನನ್ನದೊಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿಗೆ ಕಿಡ್ನಿ ಕಾಯಿಲೆಯಾಗಿ ವಾರಕ್ಕೆ ಎರಡು ಸಲ ಪಟ್ಟಣಕ್ಕೆ ಕರೆದುಕೊಂಡು ಹೋಗ್ತಿದ್ದೆ. ಕಷ್ಟ ಬಂದರೆ ಮನುಷ್ಯ ಮೆತ್ತಗಾಗ್ತಾನೆ ಅಂತಾರೆ. ನಾನು ಒರಟನಾದೆ. ನನ್ನ ಕಷ್ಟದ ಮುಂದೆ ಯಾರದೂ ಕಷ್ಟವೇ ಅಲ್ಲ ಅನ್ನಿಸ್ತಿತ್ತು.

ಒಂದು ಸಂಜೆ ಜನ ಎಲ್ಲ ಇಳಿದು ಹೋದ ಮೇಲೆ ಒಬ್ಬ ಹೆಂಗಸು ಬಂದರು. "ಟೈಮ್ ಆಯ್ತು, ನಾಳೆ ಬನ್ನಿ" ಅಂತ ಕಿಟಕಿ ಹಾಕಿದೆ. "ಆಗಲಿ ಅಪ್ಪಾ" ಅಂದರು, ಅಷ್ಟೇ. ಬೆಳಿಗ್ಗೆ ಬಂದು ನೋಡಿದರೆ ಅದೇ ಹೆಂಗಸು ಮೆಟ್ಟಿಲ ಮೇಲೆ ಕೂತಿದ್ದರು. ಕಡೇ ಬಸ್ಸು ತಪ್ಪಿಹೋಗಿತ್ತು. ಸತ್ತುಹೋದ ಮಗನ ಹೆಸರು ಹೇಳಿ, ಆಮೇಲೆ ದನಿ ತಗ್ಗಿಸಿ "ಹೆಂಗೆ ಸತ್ತ ಅಂತಾನೂ ಬರೀಬೇಕಾ?" ಅಂದರು. ಆಗ ನನಗೆ ಗೊತ್ತಾಯ್ತು, ಅವರು ಜನ ಇಲ್ಲದ ಹೊತ್ತು ನೋಡಿ ಬಂದದ್ದು ಯಾಕೆ ಅಂತ. ಅಂಥ ಸಾವಿಗೆ ಪೂಜೆ ಇಡೋದಿಲ್ಲ ಅಂತ ಯಾರೋ ಹೆದರಿಸಿದ್ದರಂತೆ. "ಹೆಸರು ಸಾಕು ಅಮ್ಮಾ. ಧರ್ಮಸಭೆ ಅವರಿಗಾಗಿಯೂ ಪ್ರಾರ್ಥಿಸುತ್ತೆ" ಅಂದೆ. ರಸೀದಿ ತೆಗೆದುಕೊಂಡು ಅವರು ನನ್ನ ಮುಖ ನೋಡಿ, "ನಿಮಗೂ ಏನೋ ಸಂಕಟ ಇರೋ ಹಂಗಿದೆ, ನಿಮ್ಮನೆಯವರಿಗೂ ಬೇಡ್ಕೋತೀನಿ" ಅಂದರು.

ರಾತ್ರಿಯೆಲ್ಲ ಮೆಟ್ಟಿಲ ಮೇಲೆ ಕೂರಿಸಿದವನಿಗೆ ಆ ತಾಯಿ ಪ್ರಾರ್ಥನೆ ಕೊಟ್ಟು ಹೋದರು. ತೆರೇಸಮ್ಮನವರ ಪುಸ್ತಕದಲ್ಲಿ ಓದಿದ್ದ ಆ ಮೇಜು ಯಾವುದು ಅಂತ ಅವತ್ತು ತಿಳೀತು. ನನ್ನ ಹೆಂಡತಿ ಈಗಿಲ್ಲ. ಆದರೆ ಆಮೇಲೆ ಸಂಜೆ ಯಾರು ತಡವಾಗಿ ಬಂದರೂ ನಾನು ಕಿಟಕಿ ಹಾಕಿಲ್ಲ.

ಬೆಟ್ಟ ಹತ್ತುವವರಿಗೆ

ಕಾಯಿಲೆ ಹೆಚ್ಚಾಗಿದ್ದಾಗ ತೆರೇಸಮ್ಮನವರು ತೋಟದಲ್ಲಿ ಕಾಲೆಳೆದುಕೊಂಡು ನಡೆಯುತ್ತಿದ್ದರು. ಸಾಕು, ಕೂತ್ಕೋ ಅಂದರೆ, ದೂರದಲ್ಲೆಲ್ಲೋ ದಣಿದಿರುವ ಒಬ್ಬ ಧರ್ಮಪ್ರಚಾರಕರಿಗಾಗಿ ನಡೆಯುತ್ತಿದ್ದೇನೆ ಎಂದು ಉತ್ತರಿಸಿದರು. ನೀವೂ ಶಿಲುಬೆಯ ಹಾದಿಯ 14 ಸ್ಥಳಗಳನ್ನು ಹತ್ತುವಾಗ ಹೀಗೆ ಮಾಡಿ:

1. ಮೊದಲ ಸ್ಥಳಗಳಲ್ಲಿ ನಿಮ್ಮ ಕಷ್ಟವನ್ನು ಮುಚ್ಚಿಡದೆ ಪ್ರಭುವಿಗೆ ಹೇಳಿ. ಗೆತ್ಸೆಮನಿ ತೋಪಿನಲ್ಲಿ ಯೇಸುಸ್ವಾಮಿಯವರೂ ತಮ್ಮ ಸಂಕಟವನ್ನು ತಂದೆಗೆ ಹೇಳಿಕೊಂಡರು.

2. ಕಾಲು ಸೋತ ಕಡೆ ನಿಂತು, ನಿಮ್ಮ ಹಾಗೆಯೇ ನೋವಿರುವ ಇನ್ನೊಬ್ಬರನ್ನು ನೆನೆದು, ಮುಂದಿನ ಮೆಟ್ಟಿಲುಗಳನ್ನು ಅವರಿಗಾಗಿ ಹತ್ತಿರಿ.

3. ಇಳಿದು ಹೋದ ಮೇಲೆ ಒಂದು ಸಣ್ಣ ಕೆಲಸ ಮಾಡಿ. ರೋಗಿಯ ಮನೆಗೆ ಹೋಗಿ, ಅಥವಾ ಮಾತು ಬಿಟ್ಟವರನ್ನು ಮಾತಾಡಿಸಿ.

ಒಂದು ಎಚ್ಚರಿಕೆ. ನೋವು ದೇವರ ಇಚ್ಛೆ ಅಂತ ಔಷಧಿ ಬಿಡಬೇಡಿ. ತೆರೇಸಮ್ಮನವರ ಕಾಲದಲ್ಲಿ ಇಲ್ಲದ ಕ್ಷಯದ ಮಾತ್ರೆ ಇವತ್ತು ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ನುಂಗಿದರೆ ಗುಣವಾಗುತ್ತದೆ. ಮನಸ್ಸಿಗೆ ಕತ್ತಲೆ ಕವಿದಿದ್ದರೆ ಗುರುಗಳ ಹತ್ತಿರವೂ ಹೇಳಿ, ವೈದ್ಯರ ಹತ್ತಿರವೂ ಹೇಳಿ. ಮನೆಯಲ್ಲಿ ಯಾರಾದರೂ ಹಾಗಿದ್ದರೆ ಒಂಟಿಯಾಗಿ ಬಿಡಬೇಡಿ.

ಧ್ಯಾನಕ್ಕೆ

ನನ್ನ ಕಷ್ಟ ನನ್ನನ್ನು ಮೆತ್ತಗೆ ಮಾಡಿದೆಯೋ, ಒರಟು ಮಾಡಿದೆಯೋ? ಯಾರ ಮುಖಕ್ಕೆ ನಾನು ಕಿಟಕಿ ಹಾಕಿದ್ದೇನೆ? ಯಾರ ಪಂಕ್ತಿಯಲ್ಲಿ ಕೂರಲು ನನಗೆ ನಾಚಿಕೆ?

ಪ್ರಾರ್ಥನೆ

ಕರುಣಾಮಯ ಪ್ರಭುವೇ, ನಮ್ಮ ನೋವನ್ನು ನೀವು ಬಲ್ಲಿರಿ. ಅದು ವಾಸಿಯಾಗಲಿ ಎಂದು ಬೇಡುತ್ತೇವೆ. ವಾಸಿಯಾಗುವ ತನಕ ನಮ್ಮ ಹೃದಯದ ಬಾಗಿಲು ಮುಚ್ಚದಿರಲಿ. ಪುಟ್ಟ ಹೂವಿನ ಸಂತ ತೆರೇಸಮ್ಮನವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.

(1925ರಲ್ಲಿ ಸಂತ ಪದವಿಗೇರಿದ, 1997ರಲ್ಲಿ ಧರ್ಮಸಭೆಯ ಪಂಡಿತರೆಂದು ಘೋಷಿತರಾದ ಸಂತ ತೆರೇಸಮ್ಮನವರ ಹಬ್ಬ ಅಕ್ಟೋಬರ್ 1.)