ಮಳೆ ಬಿಟ್ಟ ಮೇಲೆ ಪಂಚಾಯತಿಯ ಬಾಗಿಲಿಗೆ: ಶರತ್ಕಾಲದಲ್ಲಿ ನಾಗರಿಕರು ಮಾಡಿಕೊಳ್ಳಬೇಕಾದ ಕೆಲಸಗಳು

ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಒಂದೊಂದಾಗಿ ಹಿಂದೆ ಸರಿದು, ಕಾರ್ತಿ ಬೆಳೆಯ ಗದ್ದೆಗಳು ಕೊಯ್ಲಿಗೆ ಹಣ್ಣಾಗಿ ನಿಲ್ಲುವ ಆಶ್ವಯುಜ, ಕಾರ್ತಿಕ ಮಾಸಗಳು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಜನರಿಗೆ ಹಬ್ಬಗಳ ಕಾಲವೆಂದು ಎಷ್ಟು ಪರಿಚಿತವೋ, ಊರಾಡಳಿತದೊಡನೆ ವ್ಯವಹರಿಸಲು ವರ್ಷದಲ್ಲಿಯೇ ಅತ್ಯಂತ ಅನುಕೂಲವಾದ ಕಾಲವೆಂದು ಅಷ್ಟು ಪರಿಚಿತವಲ್ಲ. ಮಳೆಗಾಲವು ರಸ್ತೆಗೂ ಚರಂಡಿಗೂ ತೋಡಿನ ದಂಡೆಗೂ ಮಾಡಿದ ಹಾನಿ ಈಗ ಮರೆಯಿಲ್ಲದೆ ಕಣ್ಣಿಗೆ ಬೀಳುತ್ತದೆ. ಡಾಮರು, ಕಾಂಕ್ರೀಟುಗಳ ಕೆಲಸಕ್ಕೆ ಮುಂದಿನ ಮೇ ತಿಂಗಳವರೆಗೆ ಮಾತ್ರವೇ ಅವಕಾಶವುಂಟು. ಮಿಗಿಲಾಗಿ, ಬರುವ ಆರ್ಥಿಕ ವರ್ಷದ ಕಾಮಗಾರಿಗಳ ಪಟ್ಟಿ ಸಿದ್ಧವಾಗುವುದು ಈ ತಿಂಗಳುಗಳಲ್ಲಿಯೇ. ಮೇ ತಿಂಗಳ ಕೊನೆಗೆ ಮೋಡ ಕಪ್ಪಾದಾಗ ಓಡಿಹೋಗಿ ಕೇಳುವವನಿಗೆ ‘ಈ ವರ್ಷದ ಕ್ರಿಯಾಯೋಜನೆ ಆಗಿಹೋಗಿದೆ’ ಎಂಬ ಉತ್ತರ ದೊರೆತರೆ ಅದರಲ್ಲಿ ಆಶ್ಚರ್ಯವಿಲ್ಲ. ಆದಕಾರಣ ಕೇಳತಕ್ಕದ್ದನ್ನು ಈಗ, ಬರಹದಲ್ಲಿ, ತಕ್ಕ ಕಚೇರಿಯಲ್ಲಿಯೇ ಕೇಳುವುದು ಹೇಗೆಂಬುದನ್ನು ಕ್ರಮವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

1. ಯಾವ ಕಚೇರಿಯೆಂದು ಮೊದಲು ತಿಳಿಯಿರಿ

1997ರಲ್ಲಿ ಉಡುಪಿ ಜಿಲ್ಲೆ ಹುಟ್ಟಿದಾಗ ಅದರಲ್ಲಿದ್ದ ತಾಲ್ಲೂಕುಗಳು ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರೇ. 2018ರಲ್ಲಿ ಬೈಂದೂರು, ಬ್ರಹ್ಮಾವರ, ಕಾಪು, ಹೆಬ್ರಿಗಳೂ ಕಾರ್ಯಾರಂಭ ಮಾಡಿ ಏಳಾದವು. ಹಳೆಯ ಅಭ್ಯಾಸದಿಂದ ಇಂದಿಗೂ ಎಲ್ಲಕ್ಕೂ ಕುಂದಾಪುರಕ್ಕೋ ಉಡುಪಿಗೋ ಬಸ್ಸು ಹತ್ತುವವರುಂಟು. ಕೊಲ್ಲೂರು, ಶಿರೂರು, ಉಪ್ಪುಂದಗಳವರಿಗೆ ಬೈಂದೂರಿನಲ್ಲಿಯೂ, ಕೋಟ, ಬಾರಕೂರು, ಮಂದಾರ್ತಿಗಳವರಿಗೆ ಬ್ರಹ್ಮಾವರದಲ್ಲಿಯೂ ತಾಲ್ಲೂಕು ಕಚೇರಿ ಇದೆ.

ಊರಾಡಳಿತದಲ್ಲಿ ಮೂರು ಬಗೆ. ಕುಂದಾಪುರ ಪಟ್ಟಣದ 23 ವಾರ್ಡುಗಳಿಗೆ ಪುರಸಭೆ. ಬೈಂದೂರಿಗೂ, ಬ್ರಹ್ಮಾವರ ತಾಲ್ಲೂಕಿನ ಸಾಲಿಗ್ರಾಮಕ್ಕೂ ಪಟ್ಟಣ ಪಂಚಾಯತಿ. ಗ್ರಾಮಗಳಿಗೆ ಗ್ರಾಮ ಪಂಚಾಯತಿ. ಮೊದಲೆರಡು 1964ರ ಪುರಸಭೆಗಳ ಕಾಯ್ದೆಗೂ, ಮೂರನೆಯದು 1993ರ ಪಂಚಾಯತ್ ರಾಜ್ ಕಾಯ್ದೆಗೂ ಒಳಪಟ್ಟಿರುವುದರಿಂದ ನಮೂನೆಗಳೂ ಅಧಿಕಾರಿಗಳೂ ಬೇರೆ. ಪಟ್ಟಣದಲ್ಲಿ ಅರ್ಜಿ ಹೋಗಬೇಕಾದುದು ಮುಖ್ಯಾಧಿಕಾರಿಗೆ. ಗ್ರಾಮದಲ್ಲಿ ಅಭಿವೃದ್ಧಿ ಅಧಿಕಾರಿಗೆ, ಅಂದರೆ ಎಲ್ಲರೂ ಹೇಳುವ ಪಿಡಿಒ ಅವರಿಗೆ.

ಊರೊಳಗಿನ ಎಲ್ಲ ರಸ್ತೆಯೂ ಪಂಚಾಯತಿಯದಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ರಾಷ್ಟ್ರೀಯ ಹೆದ್ದಾರಿ 66 ಮತ್ತು ಅದರ ಸರ್ವಿಸ್ ರಸ್ತೆ ಹೆದ್ದಾರಿ ಪ್ರಾಧಿಕಾರದವು. ಸಿದ್ದಾಪುರದ ಕಡೆಗೆ ಘಟ್ಟ ಹತ್ತುವಂಥ ರಾಜ್ಯ ಹೆದ್ದಾರಿಗಳು ಲೋಕೋಪಯೋಗಿ ಇಲಾಖೆಯವು. ವಾರ್ಡಿನ ಒಳರಸ್ತೆಗಳು ಮಾತ್ರ ಸ್ಥಳೀಯ ಸಂಸ್ಥೆಯವು. ದೀಪದ ವಿಷಯದಲ್ಲಿಯೂ ಹಾಗೆಯೇ: ಬಲ್ಬು ಉರಿಯದಿದ್ದರೆ ಪಂಚಾಯತಿಗೆ ಹೇಳಬೇಕು, ತಂತಿ ಜೋತಿದ್ದರೆ ಮೆಸ್ಕಾಂಗೆ. ಈ ವಿವೇಚನೆಯಿಲ್ಲದೆ ಕೊಟ್ಟ ಅರ್ಜಿ ‘ನಮಗೆ ಸಂಬಂಧಿಸಿದ್ದಲ್ಲ’ ಎಂಬ ಹಿಂಬರಹದೊಡನೆ ತಿಂಗಳು ಕಳೆದು ಮರಳುತ್ತದೆ.

2. ಒಮ್ಮೆ ನಡೆದು ನೋಡಿ, ಬರೆದಿಡಿ

ಮಳೆ ಬಿಟ್ಟ ಒಂದು ಬೆಳಿಗ್ಗೆ ನೆರೆಮನೆಯ ಇಬ್ಬರನ್ನು ಕರೆದುಕೊಂಡು, ನಿಮ್ಮ ಕೇರಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದು ಬನ್ನಿ. ಚರಂಡಿಯಲ್ಲಿ ಹೂಳು ಎಲ್ಲಿ ನಿಂತಿದೆ, ಮೋರಿಯ ಬಾಯಿ ಎಲ್ಲಿ ಮುಚ್ಚಿದೆ, ಡಾಮರಿನ ಅಂಚು ಎಲ್ಲಿ ಕೊಚ್ಚಿಹೋಗಿದೆ, ಯಾವ ಕಂಬದಲ್ಲಿ ದೀಪವಿಲ್ಲ ಎಂಬಷ್ಟನ್ನು ಟಿಪ್ಪಣಿ ಮಾಡಿಕೊಳ್ಳಿ. ಕಂಬದ ಮೇಲೆ ಬರೆದ ಸಂಖ್ಯೆಯನ್ನು ಮರೆಯಬೇಡಿ. ಮೊಬೈಲಿನಲ್ಲಿ ಚಿತ್ರ ತೆಗೆಯುವಾಗ ಮನೆಯ ಗೇಟೋ ಅಂಗಡಿಯ ಫಲಕವೋ ಚೌಕಟ್ಟಿನೊಳಗೆ ಬರುವಂತಿದ್ದರೆ, ಸ್ಥಳವನ್ನು ಗುರುತಿಸಲು ಇಂಜಿನಿಯರಿಗೆ ತೊಡಕಿರುವುದಿಲ್ಲ.

ನಮ್ಮ ಕಡೆಯಲ್ಲಿ ಇದಕ್ಕಿಂತಲೂ ಮುಖ್ಯವಾದ ಪರಿಶೀಲನೆಯೊಂದುಂಟು. ಅದು ಕಿಂಡಿ ಅಣೆಕಟ್ಟುಗಳದು. ಸೌಪರ್ಣಿಕೆ, ವಾರಾಹಿ, ಚಕ್ರಾ ಮೊದಲಾದ ನದಿಗಳಿಗೂ ಅವುಗಳನ್ನು ಕೂಡುವ ತೋಡುಗಳಿಗೂ ಅಡ್ಡಲಾಗಿ ಕಟ್ಟಿರುವ ಈ ಕಿಂಡಿಗಳಿಗೆ ಹಲಗೆ ಹಾಕಿದಾಗಲೇ ಸಿಹಿನೀರು ನಿಂತು ಸುತ್ತಲಿನ ಬಾವಿಗಳ ಮಟ್ಟ ಉಳಿಯುತ್ತದೆ. ಹೊಳೆಬಾಯಿಗೆ ಸಮೀಪದವುಗಳಲ್ಲಿ ಉಬ್ಬರದೊಡನೆ ಮೇಲೇರುವ ಉಪ್ಪುನೀರಿಗೂ ತಡೆಯಾಗುತ್ತದೆ. ಹಲಗೆಯನ್ನು ಬೇಗ ಹಾಕಿದರೆ ಸ್ವಾತಿಯ ಒಂದು ದೊಡ್ಡ ಮಳೆಗೆ ಕೊಯ್ಲಿಗೆ ನಿಂತ ಗದ್ದೆ ಮುಳುಗುವ ಭಯ. ತಡಮಾಡಿದರೆ ನೀರೆಲ್ಲ ಸಮುದ್ರಕ್ಕೆ ಸೇರಿ, ಬಾವಿಯ ರುಚಿ ಮಾರ್ಚಿಗೇ ಕೆಡುತ್ತದೆ. ಹರಿವು ಇಳಿಮುಖವಾಗುವ ನವೆಂಬರಿನ ಕೊನೆ, ಡಿಸೆಂಬರಿನ ಆರಂಭಗಳೇ ಸಾಮಾನ್ಯವಾಗಿ ಯುಕ್ತ ಸಮಯ. ಆದ್ದರಿಂದ ಅಕ್ಟೋಬರಿನಲ್ಲಿಯೇ ನಾಲ್ಕು ಪ್ರಶ್ನೆಗಳನ್ನು ಕೇಳಿಡಿ: ಹಲಗೆಗಳು ಎಲ್ಲಿವೆ? ಎಷ್ಟು ಕೊಳೆತಿವೆ? ಕಿಂಡಿಯಲ್ಲಿ ಸಿಕ್ಕಿಕೊಂಡ ಮರದ ದಿಮ್ಮಿಗಳನ್ನು ತೆಗೆಯುವವರು ಯಾರು? ಹಲಗೆ ಇಳಿಸುವ ಹೊಣೆ ಪಂಚಾಯತಿಯದೋ, ಸಣ್ಣ ನೀರಾವರಿ ಇಲಾಖೆಯದೋ?

3. ಅರ್ಜಿ ಬರೆಯುವ ಬಗೆ

ಅರ್ಜಿ ಒಂದು ಪುಟ ಮೀರಬಾರದು. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು. ರಸ್ತೆ, ದೀಪ, ನೀರು, ನಾಯಿಕಾಟಗಳನ್ನೆಲ್ಲ ಒಂದೇ ಕಾಗದದಲ್ಲಿ ತುರುಕಿದರೆ ಅದು ಯಾವ ಗುಮಾಸ್ತರ ಮೇಜಿಗೂ ಸೇರದೆ ಉಳಿಯುವ ಸಂಭವವೇ ಹೆಚ್ಚು. ಒಕ್ಕಣೆ ಇಷ್ಟಿದ್ದರೆ ಸಾಕು:

‘ಮಾನ್ಯರೇ, ನಮ್ಮ ವಾರ್ಡಿನ ಶಾಲೆಯ ಹಿಂಬದಿಯ ರಸ್ತೆಯಲ್ಲಿ, ಅಂಗನವಾಡಿಯಿಂದ ತೋಡಿನವರೆಗೆ ಸುಮಾರು 60 ಮೀಟರು ಉದ್ದದ ಚರಂಡಿ ಹೂಳು ತುಂಬಿ, ಈ ಮಳೆಗಾಲದಲ್ಲಿ ನೀರು ರಸ್ತೆಯ ಮೇಲೆಯೇ ಹರಿದಿದೆ. ಹೂಳನ್ನು ಈಗಲೇ ತೆಗೆಸಬೇಕೆಂದೂ, ಚರಂಡಿಗೆ ಕಲ್ಲು ಕಟ್ಟಿಸುವ ಕಾಮಗಾರಿಯನ್ನು ಮುಂದಿನ ವರ್ಷದ ಕ್ರಿಯಾಯೋಜನೆಯಲ್ಲಿ ಸೇರಿಸಬೇಕೆಂದೂ ಕೋರುತ್ತೇವೆ. ಚಿತ್ರಗಳನ್ನು ಲಗತ್ತಿಸಿದೆ.’

ಇಲ್ಲಿ ಎರಡು ಬೇಡಿಕೆಗಳಿರುವುದನ್ನು ಗಮನಿಸಿ: ಒಂದು ತತ್ಕಾಲಕ್ಕೆ, ಇನ್ನೊಂದು ಮುಂದಿನ ವರ್ಷಕ್ಕೆ. ಕೆಳಗೆ ಆ ರಸ್ತೆಯ ಮನೆಯವರೆಲ್ಲರ ಸಹಿ, ಮನೆ ಸಂಖ್ಯೆ, ಫೋನು ಸಂಖ್ಯೆ ಇರಲಿ. ಎರಡು ಪ್ರತಿ ಒಯ್ದು, ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಹಿತವಾದ ಮೊಹರನ್ನೂ ಇನ್‌ವರ್ಡ್ ನಂಬರನ್ನೂ ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲಿಳಿಯಬೇಡಿ. ಸದಸ್ಯರಿಗೆ ಬಾಯಲ್ಲಿ ಹೇಳಿದ್ದು ಸೌಜನ್ಯ. ಮೊಹರು ಬಿದ್ದದ್ದು ದಾಖಲೆ.

4. ಸಭೆಗೆ ಹೋಗಿ, ಹೆಸರು ಹೇಳಿಸಿ

ಗ್ರಾಮಸಭೆಯನ್ನು ಆರು ತಿಂಗಳಿಗೊಮ್ಮೆಯಾದರೂ ಕರೆಯಬೇಕೆಂದು ಕಾನೂನು ವಿಧಿಸುತ್ತದೆ. ಅದಕ್ಕೆ ಮುನ್ನ ವಾರ್ಡುಸಭೆ ನಡೆಯಬೇಕು. 2018ರಿಂದೀಚೆಗೆ ಅಕ್ಟೋಬರ್ 2ರಂದು ಆರಂಭವಾಗುವ ಜನಯೋಜನೆ ಅಭಿಯಾನದ ಅಂಗವಾಗಿ, ಪಂಚಾಯತಿಯ ಮುಂದಿನ ವರ್ಷದ ಅಭಿವೃದ್ಧಿ ಯೋಜನೆಯನ್ನು ಈ ಸಭೆಗಳಲ್ಲಿಯೇ ಚರ್ಚಿಸಿ ಅಂಗೀಕರಿಸುತ್ತಾರೆ. ಬೇಡಿಕೆಯನ್ನು ಅನುದಾನದ ಸ್ವರೂಪಕ್ಕೆ ಹೊಂದಿಸುವುದು ಜಾಣತನ. ಹದಿನೈದನೆಯ ಹಣಕಾಸು ಆಯೋಗವು ತನ್ನ ಅನುದಾನದ ಶೇಕಡಾ 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯಗಳಿಗೆಂದೇ ಕಟ್ಟಿಟ್ಟಿತ್ತೆಂಬುದನ್ನು ಬಲ್ಲವನು, ಸಭಾಭವನಕ್ಕೆ ಮುನ್ನ ಬಾವಿಯನ್ನೂ ಚರಂಡಿಯನ್ನೂ ಕೇಳುತ್ತಾನೆ.

ಸಭೆಯಲ್ಲಿ ಅರ್ಜಿಯ ಸಂಖ್ಯೆಯನ್ನು ಓದಿ ಹೇಳಿ, ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಕುಳಿತಿರಿ. ಊಟದ ಹೊತ್ತಾಯಿತೆಂದು ಎದ್ದುಬಂದವರ ಬೇಡಿಕೆಗಿಂತ ಕೊನೆಯವರೆಗೆ ಕುಳಿತವರ ಬೇಡಿಕೆಯೇ ಪುಸ್ತಕದಲ್ಲಿ ಉಳಿಯುವುದು ಲೋಕಾನುಭವ. ಪುರಸಭೆ, ಪಟ್ಟಣ ಪಂಚಾಯತಿಗಳಲ್ಲಿ ಗ್ರಾಮಸಭೆಯಿಲ್ಲ. ಅಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಲು ಕರೆಯುವ ಆಯವ್ಯಯದ ಪೂರ್ವಭಾವಿ ಸಭೆಯೇ ನಿಮ್ಮ ಅವಕಾಶ. ಅದರ ದಿನಾಂಕವನ್ನು ಕಚೇರಿಯ ಸೂಚನಾಫಲಕದಲ್ಲಿ ನವೆಂಬರಿನಿಂದಲೇ ನೋಡುತ್ತಿರಿ.

5. ಮನೆಮಂದಿ ಊರಿನಲ್ಲಿರುವಾಗ ಕಾಗದಪತ್ರ

ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಹೋಟೆಲು ನಡೆಸುವ, ಉದ್ಯೋಗದಲ್ಲಿರುವ ಮಕ್ಕಳು, ಮೊಮ್ಮಕ್ಕಳು ಹೊಸ್ತಿನ ಊಟಕ್ಕೋ ದೀಪಾವಳಿಗೋ ಮನೆಗೆ ಬರುವ ಈ ದಿನಗಳಲ್ಲಿ, ಎಲ್ಲರ ಸಹಿಯೂ ಆಧಾರ್ ದೃಢೀಕರಣವೂ ಬೇಕಾಗುವ ಕೆಲಸಗಳನ್ನು ಮುಗಿಸಿಕೊಳ್ಳುವುದು ಒಳ್ಳಿತು. ಕ್ರಮ ಹೀಗಿರಲಿ.

ಮೊದಲು ಮರಣ ಪ್ರಮಾಣಪತ್ರ. ಜನನ, ಮರಣಗಳನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂದು 1969ರ ಕಾಯ್ದೆ ಹೇಳುತ್ತದೆ. ವರ್ಷ ಮೀರಿದರೆ ದಂಡಾಧಿಕಾರಿಯ ಆದೇಶವೇ ಬೇಕಾಗುತ್ತದೆ. ನೋಂದಣಿಯಾಗುವುದು ಘಟನೆ ನಡೆದ ಸ್ಥಳದಲ್ಲಿ. ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡವರ ಪತ್ರವನ್ನು ಬೈಂದೂರಿನಲ್ಲಿ ಹುಡುಕಿ ಫಲವಿಲ್ಲ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟುಗಳಲ್ಲಿ ಜನನ ಪ್ರಮಾಣಪತ್ರವೇ ಜನ್ಮದಿನದ ಆಧಾರವಾದುದರಿಂದ, ಹೆಸರಿನ ಅಕ್ಷರಗಳನ್ನು ಎರಡು ಬಾರಿ ಓದಿಕೊಳ್ಳಿ.

ಎರಡನೆಯದು ಪೌತಿ ಖಾತೆ. ಅಜ್ಜನ ಹೆಸರಿನಲ್ಲಿಯೇ ಉಳಿದಿರುವ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡಿಸಲು ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲರ ಗುರುತುಪತ್ರಗಳೊಡನೆ ನಾಡಕಚೇರಿಗೆ ಹೋಗಬೇಕು. ಇದು ಪಂಚಾಯತಿಯ ಕೆಲಸವಲ್ಲ.

ಮೂರನೆಯದು ಮನೆಯ ಖಾತೆ. ಪಟ್ಟಣಗಳಲ್ಲಿ ಇ-ಆಸ್ತಿ ತಂತ್ರಾಂಶದಿಂದ ನಮೂನೆ 3, ಗ್ರಾಮಗಳಲ್ಲಿ ಇ-ಸ್ವತ್ತಿನಿಂದ ನಮೂನೆ 9 ಮತ್ತು 11. ಜನ ‘ನೈನ್-ಇಲೆವೆನ್’ ಎನ್ನುವುದು ಇದನ್ನೇ. ಕ್ರಯಪತ್ರ, ಋಣಭಾರ ಪತ್ರ, ತೆರಿಗೆ ರಸೀದಿ, ವಿದ್ಯುತ್ ಬಿಲ್ಲು, ಕಟ್ಟಡದ ಮತ್ತು ಮಾಲೀಕರ ಚಿತ್ರ ಸಿದ್ಧವಿರಲಿ. ಕರಾವಳಿಯಲ್ಲಿ ಮನೆಗಳು ಗುಂಪಾದ ಗ್ರಾಮಠಾಣದಲ್ಲಿರದೆ ಅವರವರ ಹಿಡುವಳಿಯ ನಡುವೆ ಚದುರಿಕೊಂಡಿರುವುದರಿಂದ, ಭೂಪರಿವರ್ತನೆಯ ಆದೇಶವನ್ನೂ ನಕ್ಷೆಯನ್ನೂ ಕೇಳುವುದು ಸಾಮಾನ್ಯ. ಅವಿಲ್ಲದಿದ್ದರೆ ಮೊದಲು ಅವನ್ನು ಪಡೆಯುವ ದಾರಿ ನೋಡಬೇಕು.

ನಾಲ್ಕನೆಯದು ತೆರಿಗೆ. ಪಟ್ಟಣದ ಆಸ್ತಿತೆರಿಗೆಗೆ ಏಪ್ರಿಲ್‌ನಲ್ಲಿ ಶೇಕಡಾ 5 ರಿಯಾಯಿತಿ; ಜೂನ್ ಕಳೆದ ಮೇಲೆ ತಿಂಗಳಿಗೆ ಶೇಕಡಾ 2 ದಂಡ. ಇನ್ನೂ ಕಟ್ಟದವರು ಹಬ್ಬಕ್ಕೆ ಮುನ್ನ ಕಟ್ಟಿಬಿಡುವುದು ಲೇಸು. ಬಾಕಿಯಿದ್ದರೆ ಖಾತೆಯ ಅರ್ಜಿಯೂ ಮುಂದೆ ಸಾಗುವುದಿಲ್ಲ.

ಮತದಾರರ ಪಟ್ಟಿಯ ತಿದ್ದುಪಡಿಯೂ ಬಹುತೇಕ ವರ್ಷಗಳಲ್ಲಿ ಈ ಕಾಲದಲ್ಲಿಯೇ ನಡೆಯುತ್ತದೆ. ಹೊಸ ಹೆಸರಿಗೆ ನಮೂನೆ 6, ತಿದ್ದುಪಡಿಗೆ 8. ಬ್ರಹ್ಮಾವರ ತಾಲ್ಲೂಕಿನವರಿಗೆ ಒಂದು ಸೂಚನೆ: 2008ರಲ್ಲಿ ಬ್ರಹ್ಮಾವರ ವಿಧಾನಸಭಾ ಕ್ಷೇತ್ರ ರದ್ದಾದ ಬಳಿಕ ಕೋಟ, ಸಾಲಿಗ್ರಾಮಗಳ ಕಡೆಯವರು ಕುಂದಾಪುರ ಕ್ಷೇತ್ರಕ್ಕೂ, ಬ್ರಹ್ಮಾವರದವರು ಉಡುಪಿಗೂ ಸೇರಿರುವುದರಿಂದ, ಅರ್ಜಿಯಲ್ಲಿ ಕ್ಷೇತ್ರದ ಹೆಸರಿನ ಬದಲು ತಾಲ್ಲೂಕಿನ ಹೆಸರನ್ನು ಬರೆಯಬೇಡಿ.

6. ಹಬ್ಬ, ಆಟ, ಜಾತ್ರೆ

ಕಾರ್ತಿಕದೊಡನೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಮನೆಯಂಗಳದಲ್ಲಿ ಮಂದಾರ್ತಿ ಮೇಳದ ಹರಕೆ ಬಯಲಾಟವನ್ನು ಆಡಿಸುವವರು ಮೇಳಕ್ಕೆ ವೀಳ್ಯ ಕೊಟ್ಟ ಮೇಲೆ ಮರೆಯಬಾರದ ಕೆಲಸಗಳು ಮೂರು: ಧ್ವನಿವರ್ಧಕಕ್ಕೆ ಪೊಲೀಸು ಠಾಣೆಯ ಅನುಮತಿ, ತಾತ್ಕಾಲಿಕ ವಿದ್ಯುತ್ತಿಗೆ ಮೆಸ್ಕಾಂಗೆ ಅರ್ಜಿ, ಊಟದ ತ್ಯಾಜ್ಯದ ವಿಲೇವಾರಿಗೆ ಪಂಚಾಯತಿಯೊಡನೆ ಮುಂಗಡ ಮಾತುಕತೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ, ಕಾಲಮಿತಿಯ ಆಟವೋ ಅಲ್ಲವೋ ಎಂಬುದನ್ನು ಠಾಣೆಯಲ್ಲಿ ಮೊದಲೇ ಸ್ಪಷ್ಟಪಡಿಸಿಕೊಳ್ಳಿ.

ಕೋಟೇಶ್ವರದ ಕೊಡಿ ಹಬ್ಬದಂಥ ಜಾತ್ರೆಗಳಲ್ಲಿ ಅಂಗಡಿಯಿಡಲು ಬಯಸುವವರು, ಸ್ಥಳ ಯಾರ ಸ್ವಾಧೀನದಲ್ಲಿದೆಯೆಂದು ತಿಳಿದು, ದೇವಸ್ಥಾನಕ್ಕೋ ಪಂಚಾಯತಿಗೋ ಶುಲ್ಕ ಕಟ್ಟಿ ರಸೀದಿ ಪಡೆಯಬೇಕು. ಕಸದ ವಿಚಾರದಲ್ಲಿ, ವಂಡ್ಸೆಯ ಎಸ್‌ಎಲ್‌ಆರ್‌ಎಂ (ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣಾ) ಘಟಕವು ಗ್ರಾಮ ಪಂಚಾಯತಿಯೊಂದು ಹಸಿ, ಒಣ ಕಸಗಳನ್ನು ಬೇರ್ಪಡಿಸಿ ಸಂಪನ್ಮೂಲವಾಗಿಸಬಲ್ಲುದೆಂದು ತೋರಿಸಿಕೊಟ್ಟಿದೆ. ಆದರೆ ಬೇರ್ಪಡಿಸುವ ಕೆಲಸ ನಮ್ಮ ಅಡುಗೆಮನೆಯಲ್ಲಿ ಆಗದಿದ್ದರೆ ಘಟಕದಲ್ಲಿ ಕೈಹಾಕುವವರು ಕಷ್ಟಪಡುತ್ತಾರೆ. ಹಬ್ಬದ ಮನೆಶುದ್ಧಿಯಲ್ಲಿ ಹೊರಬೀಳುವ ಒಡೆದ ಗಾಜು, ಟ್ಯೂಬ್‌ಲೈಟು, ಹಳೆಯ ಔಷಧಿಗಳನ್ನು ಪ್ರತ್ಯೇಕ ಕಟ್ಟಿನಲ್ಲಿಯೇ ಕೊಡಿ.

7. ಉತ್ತರ ಬಾರದಿದ್ದರೆ

ಖಾತೆ, ಪ್ರಮಾಣಪತ್ರ, ಪರವಾನಗಿಗಳಂಥ ನಿಗದಿತ ಸೇವೆಗಳಿಗೆ 2011ರ ಸಕಾಲ ಕಾಯ್ದೆ ಅನ್ವಯಿಸುತ್ತದೆ. ಅರ್ಜಿ ಕೊಟ್ಟಾಗ 15 ಅಂಕಿಯ ಜಿಎಸ್‌ಸಿ ಸಂಖ್ಯೆಯುಳ್ಳ ಸ್ವೀಕೃತಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ಮುದ್ರಿತವಾದ ದಿನಾಂಕ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರಕ್ಕೆ ನೀವು ಅರ್ಹರು. ಮೇಲ್ಮನವಿಯನ್ನು 30 ದಿನಗಳೊಳಗೆ ಸಲ್ಲಿಸಬೇಕು. ರಸ್ತೆ, ಚರಂಡಿಗಳ ಕಾಮಗಾರಿ ಈ ಕಾಯ್ದೆಗೆ ಸೇರದು. ಅದಕ್ಕೆ ಮಾಹಿತಿ ಹಕ್ಕು ಉಂಟು. 10 ರೂಪಾಯಿ ಶುಲ್ಕದೊಡನೆ ‘ಇಂಥ ಇನ್‌ವರ್ಡ್ ನಂಬರಿನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿ ಹಾಳೆಯ ನಕಲು ಬೇಕು’ ಎಂದು ಒಂದೇ ಸಾಲು ಬರೆದರೆ, 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು. ಮೊಹರಿನ ಪ್ರತಿಯನ್ನು ಕೈಯಲ್ಲಿಟ್ಟುಕೊಂಡವನಿಗೆ ಮಾತ್ರ ಈ ಸಾಲು ಬರೆಯಲು ಸಾಧ್ಯ.

ತಿಂಗಳ ಪಟ್ಟಿ

ಅಕ್ಟೋಬರ್: ಕೇರಿಯ ಪರಿಶೀಲನೆ, ಅರ್ಜಿ, ವಾರ್ಡುಸಭೆ ಮತ್ತು ಗ್ರಾಮಸಭೆಯ ವಿಚಾರಣೆ, ಬಾಕಿ ತೆರಿಗೆ.
ನವೆಂಬರ್: ಪೌತಿ ಖಾತೆ, ಇ-ಖಾತೆ, ಮತದಾರರ ಪಟ್ಟಿ, ಆಟದ ಅನುಮತಿಗಳು, ಕಿಂಡಿ ಅಣೆಕಟ್ಟಿನ ಹಲಗೆಯ ಸಿದ್ಧತೆ.
ಡಿಸೆಂಬರ್: ಹಲಗೆ ಇಳಿದುದನ್ನು ನೋಡುವುದು, ಅರ್ಜಿಗೆ ಉತ್ತರ ಬಂತೇ ಎಂದು ವಿಚಾರಿಸುವುದು, ಕ್ರಿಯಾಯೋಜನೆಯಲ್ಲಿ ನಿಮ್ಮ ಕಾಮಗಾರಿಯ ಹೆಸರಿದೆಯೇ ಎಂದು ಓದಿ ನೋಡುವುದು.

ದೂರವಾಣಿ: ರಾಜ್ಯ ಸರ್ಕಾರದ ಜನಸ್ಪಂದನ 1902, ಮೆಸ್ಕಾಂ 1912, ರಾಷ್ಟ್ರೀಯ ಹೆದ್ದಾರಿ 1033, ಮತದಾರರ ಸಹಾಯವಾಣಿ 1950.